ಊರಿನಿಂದ ಪಡೆದದ್ದು ಊರಿಗೆ ಮರಳಲಿ



ನಮ್ಮ ಭಾಗದ ವಿಶ್ವವಿದ್ಯಾಲಯಕ್ಕೆ ರಾಣಿ ಚನ್ನಮ್ಮನ ಹೆಸರಿದೆ. 1982ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಬೆಳಗಾವಿಯಲ್ಲಿ ಶುರುವಾದ ಸಂಸ್ಥೆ 2010ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಆ ಹೆಸರಿನ ತಾಯಿ ಆಳಿದ್ದು ಕಿತ್ತೂರಿನಲ್ಲಿ. ಬ್ರಿಟಿಷರ ಸೆರೆಯಲ್ಲಿದ್ದು 1829ರಲ್ಲಿ ಕಣ್ಣು ಮುಚ್ಚಿದ್ದು ಬೈಲಹೊಂಗಲದಲ್ಲಿ. ಆಕೆಯ ಸಮಾಧಿ ಇದೇ ಊರಿನಲ್ಲಿದೆ. ಹೆಸರು ಪಡೆದ ಸಂಸ್ಥೆಗೂ ಹೆಸರು ಕೊಟ್ಟ ಊರುಗಳಿಗೂ ನಡುವೆ ಇರುವ ಕೊಡುಕೊಳ್ಳುವಿಕೆ ಎಂಥದು, ಅದು ಹೇಗಿರಬೇಕು ಎಂಬುದೇ ಇಂದಿನ ನನ್ನ ವಿಷಯ. ಒಂದೇ ವಿಶ್ವವಿದ್ಯಾಲಯದ ಮಾತಾಗಿ ಇದನ್ನು ಹಿಡಿಯುವುದಿಲ್ಲ. ಧಾರವಾಡದ ಎರಡು ವಿಶ್ವವಿದ್ಯಾಲಯಗಳು, ಬೆಳಗಾವಿಯ ವೈದ್ಯಕೀಯ ವಿದ್ಯಾಲಯ, ಅವಕ್ಕೂ ಮೊದಲು ಕುದುರೆ ಏರಿ ಬಂದ ಬ್ರಿಟಿಷ್ ಅಧಿಕಾರಿಗಳು, ಎಲ್ಲರೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ಈ ನಾಲ್ಕು ತಾಲೂಕುಗಳಲ್ಲಿ, ಇಲ್ಲವೆ ಅವುಗಳ ಸುತ್ತಿನ ಜಿಲ್ಲೆಯಲ್ಲಿ ಸಂಶೋಧನೆ ಮಾಡಿದ್ದಾರೆ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಊರಿಗೆ ಹೋಗಿ ಕಲ್ಲು ಓದುವವರು, ಹಾಡು ಬರೆದುಕೊಳ್ಳುವವರು, ರಕ್ತ ಪರೀಕ್ಷೆ ಮಾಡುವವರು, ಪ್ರಶ್ನಾವಳಿ ತುಂಬಿಸುವವರು, ತಮಗೆ ಸಿಕ್ಕ ಉತ್ತರವನ್ನು ಆ ಊರಿಗೆ, ಆ ಊರಿನ ಮಾತಿನಲ್ಲಿ, ಮರಳಿ ಮುಟ್ಟಿಸಬೇಕು. ಅಲ್ಲಿಯವರೆಗೆ ಸಂಶೋಧನೆ ಮುಗಿದಿಲ್ಲ. ಪದವಿ ಸಿಕ್ಕಿರಬಹುದು, ಬಡ್ತಿ ಸಿಕ್ಕಿರಬಹುದು, ಕೆಲಸ ಮಾತ್ರ ಬಾಕಿ ಇದೆ.

ದತ್ತಿ ಉಪನ್ಯಾಸದಲ್ಲಿ ದತ್ತಿಯ ಮಾತಿನಿಂದಲೇ ಶುರು ಮಾಡುವುದು ನ್ಯಾಯ. ಸವದತ್ತಿ ತಾಲೂಕಿನ ಶಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಂಡರು. ತೀರಿಕೊಳ್ಳುವ ಮೊದಲೇ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟರು. 1904ರಲ್ಲಿ ಧಾರವಾಡದಲ್ಲಿ ಕೂಡಿದ ಮೊದಲ ವೀರಶೈವ ಮಹಾಸಭೆಗೆ ಅವರೇ ಅಧ್ಯಕ್ಷರು. ಅವರ ಟ್ರಸ್ಟಿನ ರೊಕ್ಕದಿಂದ ಓದಿದವರು ಮುಂಬೈ ಕರ್ನಾಟಕದ ತುಂಬ ಹರಡಿದರು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಆ ಹೆಸರನ್ನು ಹೇಳುತ್ತಿದೆ. ಆ ಟ್ರಸ್ಟಿಗೆ ಹಣ ಎಲ್ಲಿಂದ ಬಂತು? ಶಿರಸಂಗಿ, ನವಲಗುಂದ ಸೀಮೆಯ ಎರೆಹೊಲದಲ್ಲಿ ಬೆಳೆದ ಜೋಳ, ಹತ್ತಿ, ಗೋದಿಯಿಂದ ಬಂತು. ಬೆವರು ಸುರಿಸಿದವರು ರೈತರು. ಆ ಆದಾಯ ಹುಡುಗರ ಫೀ ಆಗಿ, ಪುಸ್ತಕವಾಗಿ, ಕೊನೆಗೆ ವಕೀಲರಾಗಿ, ಮಾಸ್ತರರಾಗಿ, ಡಾಕ್ಟರರಾಗಿ ಊರುಗಳಿಗೆ ಬಂತು. ವಿದ್ಯೆಗೆ ಕೊಟ್ಟದ್ದು ನೆಲಕ್ಕೆ ಮರಳುತ್ತದೆ ಎಂಬ ನಂಬಿಕೆ ಆ ಮೃತ್ಯುಪತ್ರದಲ್ಲಿದೆ. ವಿಶ್ವವಿದ್ಯಾಲಯ ಉಳಿಸಿಕೊಳ್ಳಬೇಕಾದ ನಂಬಿಕೆಯೂ ಅದೇ.

ಈಗ ಕಲ್ಲುಗಳ ಕಡೆ ಹೋಗೋಣ. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ರಟ್ಟರೆಂಬ ಅರಸುಮನೆತನದ ಮೊದಲ ರಾಜಧಾನಿ ಅದು. ಅವರು ಬೆಳಗಾವಿಗೆ, ಅಂದಿನ ವೇಣುಗ್ರಾಮಕ್ಕೆ, ಹೋದದ್ದು ಆಮೇಲೆ. ಸವದತ್ತಿಯಲ್ಲಿ 1048ರ ಅಂಕೇಶ್ವರ ಗುಡಿಯಿದೆ, ರಟ್ಟ ಅರಸ ಲಕ್ಷ್ಮೀದೇವನ ಕಾಲದ, 1228ರ ದೊಡ್ಡ ಶಾಸನವಿದೆ. ಅದೇ ತಾಲೂಕಿನ ಹೂಲಿಯಲ್ಲಿ ಪಂಚಲಿಂಗೇಶ್ವರ ಗುಡಿಯ ಜೊತೆಗೆ ಬಿದ್ದ, ಬೀಳುತ್ತಿರುವ ಎಷ್ಟೋ ಗುಡಿಗಳಿವೆ, ಸಾಲು ಶಾಸನಗಳಿವೆ. ಬೈಲಹೊಂಗಲ ಸೀಮೆಯ ಸೊಗಲದಲ್ಲಿ ಕಲ್ಯಾಣದ ಚಾಲುಕ್ಯರ ವಂಶವನ್ನು ಎತ್ತಿ ನಿಲ್ಲಿಸಿದ ತೈಲಪನ ಕಾಲದ, 980ರ ಶಾಸನವಿದೆ. ರಾಮದುರ್ಗ ತಾಲೂಕಿನ ತೊರಗಲ್ಲಿನ ಭೂತನಾಥ ಗುಡಿಯ ಶಾಸನಗಳು ಬೇರೆ. ಈ ಕಲ್ಲುಗಳ ತುಂಬ ಇರುವುದು ದತ್ತಿಯ ಲೆಕ್ಕವೇ. ಇಷ್ಟು ಮತ್ತರು ಹೊಲ, ಇಷ್ಟು ಗಾಣದ ಎಣ್ಣೆ, ಇಂಥ ಗುಡಿಗೆ, ಇಂಥ ಮಠದಲ್ಲಿ ಓದಿಸುವವರಿಗೆ, ಓದುವವರ ಊಟಕ್ಕೆ.

ಇವನ್ನು ಕೂಡಿಸಿ ಓದಿದ ಮೊದಲಿಗರಲ್ಲಿ ಒಬ್ಬರು ಜಾನ್ ಫೇತ್‌ಫುಲ್ ಫ್ಲೀಟ್. 1870ರ ದಶಕದಲ್ಲಿ ಅವರು ಮುಂಬೈ ಪ್ರಾಂತ್ಯದ ದಕ್ಷಿಣ ವಿಭಾಗದ ಶಿಕ್ಷಣ ಇನ್‌ಸ್ಪೆಕ್ಟರ್ ಆಗಿದ್ದರು. ರಟ್ಟರ ಶಾಸನಗಳನ್ನು ಕನ್ನಡ ಪಾಠ, ಇಂಗ್ಲಿಷ್ ಅನುವಾದ ಸಮೇತ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬೈ ಶಾಖೆಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಬ್ರಿಟಿಷ್ ಮ್ಯೂಸಿಯಮ್ಮಿನ ಲಯನೆಲ್ ಬಾರ್ನೆಟ್ ಅವರು ಸೊಗಲ, ಹೂಲಿಗಳ ಶಾಸನಗಳನ್ನು ಮಸಿಯಚ್ಚುಗಳ ಮೇಲಿಂದ ಓದಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. ಆ ವಿದ್ವಾಂಸರ ಶ್ರಮಕ್ಕೆ ನಾನು ಕೈ ಮುಗಿಯುತ್ತೇನೆ. ಅವರು ಓದದೆ ಹೋಗಿದ್ದರೆ, ಆಮೇಲೆ ಒಡೆದುಹೋದ, ಗೋಡೆಗೆ ಹೋದ ಎಷ್ಟೋ ಕಲ್ಲುಗಳ ಒಂದಕ್ಷರವೂ ಉಳಿಯುತ್ತಿರಲಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಹೂಲಿಯ ಅಗಸಿಯಲ್ಲಿ ಕೂತ ಹಿರಿಯರಿಗೆ ತಮ್ಮೂರ ಕಲ್ಲಿನಲ್ಲಿ ಏನಿದೆ ಎಂಬುದು ತಿಳಿಯಲಿಲ್ಲ. ಲಂಡನ್ನಿಗೆ ತಿಳಿಯಿತು, ಮುಂಬೈಗೆ ತಿಳಿಯಿತು, ಹೂಲಿಗೆ ತಿಳಿಯಲಿಲ್ಲ.

ಈ ಕೊರತೆಯನ್ನು ತುಂಬುವ ಆಸೆಯಿಂದಲೇ ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿತು. ಆರ್. ಎಸ್. ಪಂಚಮುಖಿಯವರು ಅದರ ಮೊದಲ ನಿರ್ದೇಶಕರು. ಹಳ್ಳಿಹಳ್ಳಿ ಸುತ್ತಿ ಶಾಸನ ಹುಡುಕಿ, ಕರ್ನಾಟಕ ಇನ್‌ಸ್ಕ್ರಿಪ್ಷನ್ಸ್ ಸಂಪುಟಗಳನ್ನು ಹೊರತಂದ ಸಂಸ್ಥೆ ಅದು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಸಂಸ್ಥೆ ಅದರೊಳಗೆ ಸೇರಿದ್ದು ಆಮೇಲೆ. ಎಂ. ಎಂ. ಕಲಬುರ್ಗಿಯವರಂಥವರು ಒಂದು ಜಿಲ್ಲೆಯ ಶಾಸನಗಳನ್ನೆಲ್ಲ ಊರುವಾರು ಸೂಚಿಯಾಗಿ ಕಟ್ಟಿದರು. ಧಾರವಾಡ ಜಿಲ್ಲೆಯ ಸೂಚಿಯನ್ನು ಕೈಯಲ್ಲಿ ಹಿಡಿದರೆ ಯಾವ ಮಾಸ್ತರನೂ ತನ್ನೂರ ಶಾಸನ ಯಾವುದು, ಎಲ್ಲಿ ಅಚ್ಚಾಗಿದೆ ಎಂದು ಹುಡುಕಬಹುದು. ವಿದ್ವತ್ತಿನ ದೊಡ್ಡ ಕೆಲಸಗಳ ಪಟ್ಟಿಯಲ್ಲಿ ಇಂಥ ಸೂಚಿಗಳನ್ನು ಜನ ಕೆಳಗಿಡುತ್ತಾರೆ. ನಾನು ಮೇಲಿಡುತ್ತೇನೆ. ಊರಿನವನಿಗೆ ತನ್ನೂರ ಬಾಗಿಲು ತೆರೆದುಕೊಡುವ ಪುಸ್ತಕ ಅದು.

ಮುಂದಿನ ಹೆಜ್ಜೆ ಬಾಕಿ ಇದೆ. ಸೊಗಲಕ್ಕೆ ಮಳೆಗಾಲದಲ್ಲಿ ಜಲಪಾತ ನೋಡಲು ಜನ ಬರುತ್ತಾರೆ, ಸೋಮೇಶ್ವರನಿಗೆ ಕಾಯಿ ಒಡೆಸುತ್ತಾರೆ. ಶಾಸನದ ಪಕ್ಕದಲ್ಲಿ ಅದರ ತಾತ್ಪರ್ಯವನ್ನು ಇಂದಿನ ಕನ್ನಡದಲ್ಲಿ ಹತ್ತು ಸಾಲು ಬರೆದು ನಿಲ್ಲಿಸಲು ಎಷ್ಟು ಖರ್ಚು? ಈ ನಾಲ್ಕು ತಾಲೂಕುಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಒಂದು ವರ್ಷ ಮನಸ್ಸು ಮಾಡಿದರೆ ಮುಗಿಯುವ ಕೆಲಸ. ಅದಕ್ಕೆ ಹೊಸ ಸಂಶೋಧನೆಯೂ ಬೇಡ. ನೂರು ವರ್ಷದ ಹಿಂದೆ ಆದ ಸಂಶೋಧನೆಯನ್ನು ಊರಿಗೆ ತಂದರೆ ಸಾಕು.

ಹಾಡುಗಳ ಕತೆಯೂ ಹೀಗೆಯೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಕೋಟೆ ಬಿತ್ತು. 1831ರಲ್ಲಿ ನಂದಗಡದಲ್ಲಿ, ಚನ್ನಮ್ಮನ ಪರವಾಗಿ ಹೋರಾಡಿದ ರಾಯಣ್ಣನನ್ನು ಗಲ್ಲಿಗೇರಿಸಿದರು. ಇದನ್ನು ಸರ್ಕಾರಿ ಕಾಗದಗಳು ಒಂದು ಬಗೆಯಲ್ಲಿ ಬರೆದವು, ಲಾವಣಿಕಾರರು ಇನ್ನೊಂದು ಬಗೆಯಲ್ಲಿ ಹಾಡಿದರು. ಬ್ರಿಟಿಷರ ದಫ್ತರಗಳಲ್ಲಿ ರಾಯಣ್ಣ ದಂಗೆಕೋರ. ಡಪ್ಪು, ತುಂತುಣಿ ಹಿಡಿದವರ ಬಾಯಲ್ಲಿ ಆತ ಸಂಗೊಳ್ಳಿಯ ಹುಲಿ. ಆ ಲಾವಣಿಗಳನ್ನು ಕಿವಿಗೊಟ್ಟು ಕೇಳಿ, ಬರೆದುಕೊಂಡು, ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚು ಹಾಕಿಸಿದವರೂ ಫ್ಲೀಟ್ ಸಾಹೇಬರೇ. ತಮ್ಮ ಸರ್ಕಾರದ ವಿರುದ್ಧ ಹಾಡಿದ ಹಾಡನ್ನು ಕಾಪಿಟ್ಟ ಅಧಿಕಾರಿ ಎಂಬ ಕಾರಣಕ್ಕೆ ಅವರ ಬಗ್ಗೆ ನನಗೆ ಗೌರವವಿದೆ.

ಆಮೇಲೆ ಕನ್ನಡದ ಹುಡುಗರೇ ಈ ಕೆಲಸಕ್ಕೆ ಇಳಿದರು. ಬಿ. ಎಸ್. ಗದ್ದಗಿಮಠರು ಜನಪದ ಗೀತೆಗಳ ಮೇಲೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದು ಕನ್ನಡ ಜಾನಪದದಲ್ಲಿ ಮೊದಲ ಡಾಕ್ಟರೇಟ್ ಪಡೆದರು. ಬೀಸುಕಲ್ಲಿನ ಮುಂದೆ ಕೂತ ಹೆಂಗಸರ ಹಾಡಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದದ್ದು ಹಾಗೆ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿದರು. ಇದೇ ಬೈಲಹೊಂಗಲದಲ್ಲಿ ನಡೆದದ್ದೆಂದು ಜನ ನಂಬಿರುವ ಸಂಗ್ಯಾ ಬಾಳ್ಯಾ ಸಣ್ಣಾಟವನ್ನು ಸಂಪಾದಿಸಿ ಕನ್ನಡ ನಾಡಿಗೆಲ್ಲ ತೋರಿಸಿದರು. ಕಂಬಾರರ ಸಂಶೋಧನೆ ಕಪಾಟಿನಲ್ಲಿ ಉಳಿಯಲಿಲ್ಲ. ಅದು ನಾಟಕವಾಗಿ ಮತ್ತೆ ಜನರೆದುರು ನಿಂತಿತು, ಊರವರ ಬನಿ ಉಳಿಸಿಕೊಂಡೇ ಬೆಂಗಳೂರಿನ ರಂಗಮಂದಿರಗಳಿಗೂ ಹೋಯಿತು. ಹೀಗೆ ಮರಳಿ ಕೊಡಲು ಎಲ್ಲರೂ ಕವಿಗಳಾಗಬೇಕಿಲ್ಲ. ಬರೆದುಕೊಂಡ ಹಾಡನ್ನು ಹಾಡಿದಾಕೆಯ ಮನೆಗೆ ಹೋಗಿ, ಅಚ್ಚಾದ ಪುಸ್ತಕವನ್ನು ಆಕೆಯ ಕೈಗೆ ಕೊಟ್ಟು, ಆಕೆಯ ಮೊಮ್ಮಗಳಿಂದ ಓದಿಸಿ ಕೇಳಿಸಿದರೂ ಅದು ದೊಡ್ಡ ಕೆಲಸವೇ.

ಇನ್ನು ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಕನ್ನಡದವನಾದ ನನ್ನ ಕ್ಷೇತ್ರಕ್ಕೆ ಹೊರಗಿನ ಒಂದು ಸಂಶೋಧನೆಯ ಹತ್ತಿರ. ಈ ಸಭೆಯಲ್ಲಿರುವ ಎಷ್ಟು ಜನಕ್ಕೆ ಅದು ಗೊತ್ತಿದೆಯೋ ತಿಳಿಯದು. ಜಗತ್ತಿನ ವೈದ್ಯಕೀಯ ಬರಹಗಳಲ್ಲಿ ಬೆಳಗಾವಿ ಜಿಲ್ಲೆಗೆ ಜಾಗ ಕೊಡಿಸಿದ ಸಂಶೋಧನೆ ಅದು.

ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹೋಗಿ ಬಾಣಂತಿ ಸಾಯುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಹಿರಿಯ ಹೆಂಗಸರನ್ನು ಕೇಳಿ ನೋಡಿ, ಅಂಥ ಒಂದು ಸಾವು ನೆನಪಿಲ್ಲದ ಮನೆತನ ಅಪರೂಪ. ಗರ್ಭಕೋಶ ಬಿಗಿಯಾಗಿ ಮುದುಡಿದರೆ ರಕ್ತ ನಿಲ್ಲುತ್ತದೆ, ಮುದುಡದಿದ್ದರೆ ಎರಡು ತಾಸಿನೊಳಗೆ ಜೀವ ಹೋಗಬಹುದು. ಮುದುಡಿಸುವ ಆಕ್ಸಿಟೋಸಿನ್ ಎಂಬ ಔಷಧವನ್ನು ಸೂಜಿಯಿಂದ ಕೊಡಬೇಕು, ತಣ್ಣಗೆ ಇಡಬೇಕು. ಕರೆಂಟು ಇಲ್ಲದ, ಫ್ರಿಜ್ ಇಲ್ಲದ, ಡಾಕ್ಟರ್ ಇಲ್ಲದ ಮನೆಯಲ್ಲಿ ರಾತ್ರಿ ಹೆರಿಗೆಯಾದರೆ ಅದು ಎಲ್ಲಿಂದ ಬರಬೇಕು? ಮಿಸೊಪ್ರೊಸ್ಟೋಲ್ ಎಂಬ ಗುಳಿಗೆ ಬಾಯಿಂದ ನುಂಗುವಂಥದು, ಫ್ರಿಜ್ ಬೇಡದ್ದು. ಅದನ್ನು ಹಳ್ಳಿಯ ನರ್ಸಮ್ಮ ಕೊಟ್ಟರೆ ಬಾಣಂತಿ ಉಳಿಯುತ್ತಾಳೆಯೇ ಎಂಬ ಪ್ರಶ್ನೆಯನ್ನು ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯದ ಡಾಕ್ಟರರು, ಅಮೆರಿಕದ ಸಂಶೋಧಕರ ಜೊತೆಗೂಡಿ ಕೈಗೆತ್ತಿಕೊಂಡರು. ಇಂದು ಆ ಕಾಲೇಜು ಕೆಎಲ್‌ಇ ಉನ್ನತ ಶಿಕ್ಷಣ ಮತ್ತು ಸಂಶೋಧನ ಅಕಾಡೆಮಿಯ ಭಾಗ.

2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ಆ ಅಧ್ಯಯನ ನಡೆಯಿತು. ಸೇರಿದವರು 1,620 ಹೆಂಗಸರು. 812 ಜನಕ್ಕೆ ಹೆರಿಗೆಯಾದ ಕೂಡಲೇ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟೋಲ್, 808 ಜನಕ್ಕೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬುದು ಕೊಡುವವರಿಗೂ ತಿಳಿಯದು, ನುಂಗುವವರಿಗೂ ತಿಳಿಯದು. ಕೊಟ್ಟವರು ಹಳ್ಳಿಯ ನರ್ಸಮ್ಮಂದಿರಾದ 25 ಎಎನ್‌ಎಂ ಸಿಸ್ಟರ್‌ಗಳು. ಹೆರಿಗೆ ಮಾಡಿಸಿದವರೂ ಅವರೇ, ಹೋದ ರಕ್ತ ಅಳೆದವರೂ ಅವರೇ. ಈ ಸಂಶೋಧನೆಯ ಬೆನ್ನೆಲುಬು ಈ ಇಪ್ಪತ್ತೈದು ಜನ.

ರಕ್ತ ಅಳೆಯುವುದು ಸಣ್ಣ ಸಂಗತಿಯಲ್ಲ. ಹಾಸಿದ ಬಟ್ಟೆ, ನೆಲ, ಬೂದಿ ನೋಡಿ ಇಷ್ಟು ಹೋಗಿರಬಹುದು ಎಂದು ಕಣ್ಣಂದಾಜು ಹೇಳುವುದು ಹಿಂದಿನ ರೂಢಿ. ಈ ತಂಡ ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲವುಳ್ಳ ಪ್ಲಾಸ್ಟಿಕ್ ಹಾಳೆಯೊಂದನ್ನು ಸಿದ್ಧಪಡಿಸಿಕೊಂಡಿತು. ಕಣ್ಣಂದಾಜನ್ನೂ ಹಾಳೆಯ ಅಳತೆಯನ್ನೂ ಬೆಳಗಾವಿಯಲ್ಲಿ ಹೋಲಿಸಿ ನೋಡಿದಾಗ ಅಂದಾಜು 33 ಪ್ರತಿಶತ ಕಡಿಮೆ ಬಂತು. ನಾವು ಅರ್ಧ ಲೀಟರು ಹೋಗಿಲ್ಲ, ಚಿಂತೆಯಿಲ್ಲ ಎಂದು ಎದ್ದುಹೋಗುತ್ತಿದ್ದ ಹೊತ್ತಿನಲ್ಲಿ ಬಾಣಂತಿ ಅದಕ್ಕೂ ಹೆಚ್ಚು ಕಳೆದುಕೊಂಡಿರುತ್ತಿದ್ದಳು ಎಂದಾಯಿತು.

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹುಸಿ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಜನಕ್ಕೆ ಅತಿಯಾದ ರಕ್ತಸ್ರಾವ, ಔಷಧ ನುಂಗಿದವರಲ್ಲಿ ನೂರಕ್ಕೆ 6.4. ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ ಇಳಿಯಿತು. ಪ್ರತಿ 18 ಬಾಣಂತಿಯರಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ. ಚಳಿ, ಜ್ವರ ಕೆಲವರಿಗೆ ಬಂತು, ಬಂದಂತೆ ಹೋಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕೆ ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ತೀರ್ಮಾನದ ಹಿಂದಿದ್ದ ಸಾಕ್ಷ್ಯಗಳಲ್ಲಿ ನಮ್ಮ ಹಳ್ಳಿಗಳ ಸಾಕ್ಷ್ಯ ಮುಖ್ಯವಾದದ್ದು. 2023ರಲ್ಲಿ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು, ಅಳತೆಯ ಹಾಳೆ ಹಾಸಿ ಬೇಗ ಗುರುತಿಸಿ, ಬೇಕಾದ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಕೊಟ್ಟರೆ ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತಗಳು 60 ಪ್ರತಿಶತ ಕಡಿಮೆಯಾಗುತ್ತವೆ ಎಂದು ತೋರಿಸಿತು. ಅಳೆಯಬೇಕು, ಅಂದಾಜು ಸಾಲದು ಎಂಬ ಪಾಠವನ್ನು ಬೆಳಗಾವಿಯ ಸಿಸ್ಟರ್‌ಗಳು ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಹಳ್ಳಿಯ ಮನೆಗಳಲ್ಲಿ ಕಲಿತಿದ್ದರು.

ಇದರಲ್ಲಿ ಕಷ್ಟದ ಪ್ರಶ್ನೆಯೂ ಒಂದಿದೆ. ಅರ್ಧ ಜನಕ್ಕೆ ಹುಸಿ ಗುಳಿಗೆ ಕೊಟ್ಟದ್ದು ಸರಿಯೇ? ಆ ಹೊತ್ತಿಗೆ ಆ ಹಳ್ಳಿಗಳ ಹೆರಿಗೆಗಳಲ್ಲಿ ಬೇರೆ ಔಷಧ ಕೊಡುವ ಪದ್ಧತಿಯೇ ಇರಲಿಲ್ಲ, ಉತ್ತರ ಗೊತ್ತಾಗದೆ ಸರ್ಕಾರ ಯಾರಿಗೂ ಗುಳಿಗೆ ಕೊಡುತ್ತಿರಲಿಲ್ಲ ಎಂಬುದು ಒಂದು ವಾದ. ಅದರಲ್ಲಿ ಹುರುಳಿದೆ ಎಂದೇ ನನ್ನ ತಿಳಿವಳಿಕೆ. ಆದರೆ ಹುಸಿ ಗುಳಿಗೆ ನುಂಗಿದ 808 ಹೆಂಗಸರು ನಮಗೆಲ್ಲ ಏನು ಕೊಟ್ಟರು ಎಂಬುದನ್ನು ಅವರಿಗೆ ಹೇಳುವ ಹೊಣೆ ಇದರಿಂದ ಇನ್ನೂ ಭಾರವಾಗುತ್ತದೆ. ಅಂದು ಹುಟ್ಟಿದ ಕೂಸುಗಳು ಇಂದು ಕಾಲೇಜು ಓದುವ ವಯಸ್ಸಿನವರು. ನಿನ್ನ ತಾಯಿ ಒಪ್ಪಿ ಸಹಿ ಹಾಕಿದ್ದರಿಂದ, ಹೆಬ್ಬೆಟ್ಟು ಒತ್ತಿದ್ದರಿಂದ, ಆಫ್ರಿಕಾದ ಬಾಣಂತಿಯೊಬ್ಬಳು ಬದುಕಿದಳು ಎಂಬ ಮಾತು ಆ ಮಕ್ಕಳ ಕಿವಿಗೆ ಬೀಳಬೇಡವೇ? ಇದನ್ನು ನಮ್ಮ ಪ್ರೌಢಶಾಲೆಯ ಪುಸ್ತಕದಲ್ಲಿ ಒಂದು ಪಾಠ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೊಲದ ಕಡೆಯಿಂದ ಒಂದು ಉದಾಹರಣೆ ಹೇಳುತ್ತೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ ಸೀಮೆಯ ಮುಂಗಾರಿನಲ್ಲಿ ಸೋಯಾಬೀನ್ ಎಷ್ಟು ಹೊಲ ಹಿಡಿದಿದೆ ಎಂಬುದು ನಿಮಗೆಲ್ಲ ಗೊತ್ತು. ಜಬಲ್‌ಪುರದಿಂದ ಬಂದ ಜೆಎಸ್ 335 ತಳಿ ಬೇಗ ಬರುತ್ತದೆ, ಇಳುವರಿ ಚೆನ್ನ. ಆದರೆ 1990ರ ದಶಕದ ನಡುವಿನಿಂದ ಕೃಷ್ಣಾ ಕೊಳ್ಳದಲ್ಲಿ ತುಕ್ಕು ರೋಗ ಕಾಣಿಸಿತು. ಎಲೆಯ ಅಡಿಯಲ್ಲಿ ಕಂದು ಚುಕ್ಕೆ, ಕಾಳು ತುಂಬುವ ಮೊದಲೇ ಎಲೆ ಉದುರುವುದು, ಕಾಯಿ ಜೊಳ್ಳಾಗುವುದು. ಜಿನುಗು ಮಳೆ, ಮೋಡ ಮುಚ್ಚಿದ ವಾತಾವರಣ ಎಂಟು ದಿನ ಹಿಡಿದರೆ ರೋಗ ಹೊಲದಿಂದ ಹೊಲಕ್ಕೆ ಹಾರುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅಥಣಿ ಸೀಮೆಯ ಉಗಾರ ಖುರ್ದದಲ್ಲಿ, ರೋಗ ವರ್ಷವರ್ಷವೂ ಜೋರಾಗಿ ಬರುವ ಜಾಗದಲ್ಲೇ, ಸಾಲು ಸಾಲಾಗಿ ತಳಿಗಳನ್ನು ಬಿತ್ತಿ ಯಾವುದು ತಡೆಯುತ್ತದೆ ಎಂದು ನೋಡಿದರು. ಹೊರಗಿನ ನಿರೋಧಕ ತಳಿಯ ಗುಣವನ್ನು ಜೆಎಸ್ 335ಕ್ಕೆ ಕೂಡಿಸಿ ಡಿಎಸ್‌ಬಿ 21 ಎಂಬ ತಳಿ ತಂದರು. ರೋಗ ಕಡಿಮೆ ಇರುವ ಸುರಕ್ಷಿತ ಜಾಗ ಬಿಟ್ಟು ರೋಗದ ಬಾಯಿಗೇ ಹೋಗಿ ಪರೀಕ್ಷೆ ಮಾಡಿದ್ದು ನನಗೆ ಬಹಳ ಹಿಡಿಸಿದ ಸಂಗತಿ. ಇಂಥ ಬೀಜವನ್ನು ಬೈಲಹೊಂಗಲ ತಾಲೂಕಿನ ರೈತರಿಗೆ ತೋರಿಸಿ ತಿಳಿಸಲು ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಇನ್ನು ಸೆಪ್ಟೆಂಬರಿನ ಧಾರವಾಡ ಕೃಷಿ ಮೇಳಕ್ಕೆ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗುವ ಮಂದಿಯನ್ನು ನೋಡಿ. ಸಂಶೋಧಕನನ್ನು ನಿಲ್ಲಿಸಿ, ಹೋದ ವರ್ಷ ನೀವು ಹೇಳಿದ್ದು ನಮ್ಮ ಹೊಲದಲ್ಲಿ ನಡೆಯಲಿಲ್ಲ, ಯಾಕೆ ಎಂದು ಕೇಳುವ ಹಕ್ಕು ಅಲ್ಲಿ ರೈತನಿಗಿದೆ. ಕಲಾ ವಿಭಾಗಗಳ ಸಂಶೋಧಕರಿಗೆ ಅಂಥ ಮೇಳ ಇಲ್ಲ. ಕನ್ನಡ, ಇತಿಹಾಸ, ಸಮಾಜಶಾಸ್ತ್ರದವರನ್ನು ಯಾರೂ ಹೀಗೆ ತಡೆದು ಕೇಳುವುದಿಲ್ಲ. ಇದು ನಮ್ಮ ನಷ್ಟ.

ತಡೆದು ಕೇಳಬೇಕಾದವರು ಸವದತ್ತಿಯಲ್ಲಿದ್ದಾರೆ. ಯಲ್ಲಮ್ಮನ ಗುಡ್ಡದ ಸುತ್ತ ಎಷ್ಟು ಸಂಶೋಧನೆ ನಡೆದಿದೆ! ದೇಶದವರು, ಪರದೇಶದವರು, ಮಾನವಶಾಸ್ತ್ರದವರು, ಸ್ತ್ರೀ ಅಧ್ಯಯನದವರು. ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿದ ರಾಜ್ಯದ ಕಾನೂನು 1982ರಲ್ಲಿ ಬಂತು. 1993–94 ಮತ್ತು 2007–08ರ ಎರಡು ಸಮೀಕ್ಷೆಗಳು ಕೂಡಿ ರಾಜ್ಯದಲ್ಲಿ 46,660 ದೇವದಾಸಿಯರನ್ನು ಲೆಕ್ಕಕ್ಕೆ ತಂದವು. ಲೆಕ್ಕಕ್ಕೆ ಬಂದವರಿಗೆ ಪಿಂಚಣಿ, ಮನೆ, ಸಾಲದ ಸವಲತ್ತು. ಲೆಕ್ಕದಿಂದ ಹೊರಗುಳಿದವರು ವರ್ಷಗಟ್ಟಲೆ ಕಚೇರಿ ಅಲೆದರು. ಒಂದು ಸಮೀಕ್ಷೆಯ ಕಾಗದದಲ್ಲಿ ಹೆಸರಿರುವುದು, ಇಲ್ಲದಿರುವುದು ಒಬ್ಬ ಹೆಣ್ಣಿನ ಊಟವನ್ನು ನಿರ್ಣಯಿಸುತ್ತದೆ ಎಂದಾಗ ಸಂಶೋಧಕನ ಪೆನ್ನಿಗೆ ಎಂಥ ತೂಕ ಇದೆ ಎಂದು ತಿಳಿಯುತ್ತದೆ. ಆದರೆ ಪಿಎಚ್‌.ಡಿ.ಯ ಪ್ರಶ್ನಾವಳಿ ಹಿಡಿದು ಬಂದವರಿಗೆ ಆ ತೂಕದ ಅರಿವಿತ್ತೇ? ನಿನ್ನನ್ನು ಎಷ್ಟನೇ ವಯಸ್ಸಿಗೆ ಬಿಟ್ಟರು, ಯಾರು ಬಿಟ್ಟರು, ಮಕ್ಕಳ ತಂದೆ ಯಾರು ಎಂದು ಮನೆಮಂದಿಯ ಮುಂದೆ, ಅಂಗಳದಲ್ಲಿ ನಿಲ್ಲಿಸಿ ಕೇಳಿದ್ದನ್ನು ನಾನು ಬಲ್ಲೆ. ಅದೇ ಹೆಂಗಸು, ಅದೇ ನೋವು, ಹೊಸ ಹೊಸ ಪ್ರಬಂಧಗಳು. ಬೆಳಗಾವಿ ಜಿಲ್ಲೆಯಲ್ಲಿ 1997ರಲ್ಲಿ ಮಾಜಿ ದೇವದಾಸಿಯರೇ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನ ಮಾಸ್ ಎಂದು ಕರೆಯುವುದು, ಊರೂರು ಸುತ್ತಿ ಹೆಣ್ಣುಮಕ್ಕಳನ್ನು ಬಿಡುವುದನ್ನು ತಡೆಯಿತು. ಆ ವಿಷಯದಲ್ಲಿ ನಿಜವಾಗಿ ತಿಳಿದವರು ಅವರು. ಸವದತ್ತಿಯ ಮೇಲೆ ಬರೆಯುವ ಯಾವ ಪ್ರಬಂಧವೂ ಅಂಥವರ ಮುಂದೆ ಓದಿಸಿ, ಅವರ ತಿದ್ದುಪಡಿ ಪಡೆಯದೆ ವಿಶ್ವವಿದ್ಯಾಲಯಕ್ಕೆ ಸಲ್ಲಬಾರದು.

ರಾಮದುರ್ಗದ ಬಗ್ಗೆ ನನ್ನ ದೂರು ಬೇರೆ ಬಗೆಯದು. ಅಲ್ಲಿ ಆಗಿರುವುದು ಕಡಿಮೆ, ಆಗಬೇಕಾದದ್ದು ಬಹಳ. 1939ರ ಏಪ್ರಿಲ್‌ನಲ್ಲಿ ಭಾವೆ ಮನೆತನದ ಸಂಸ್ಥಾನದ ವಿರುದ್ಧ ಪ್ರಜಾಸಂಘದ ಚಳವಳಿ ಸಿಡಿದು ಜೀವಗಳು ಹೋದವು, ಆಮೇಲೆ ಗಲ್ಲು ಶಿಕ್ಷೆಗಳಾದವು. ಅದನ್ನು ಕಣ್ಣಾರೆ ಕಂಡವರು ಈಗ ಇಲ್ಲವೆಂದೇ ಹೇಳಬೇಕು. ಮಕ್ಕಳು, ಮೊಮ್ಮಕ್ಕಳು ಇದ್ದಾರೆ, ಮನೆಯ ಪೆಟ್ಟಿಗೆಗಳಲ್ಲಿ ಕಾಗದಗಳಿವೆ. ಇನ್ನು ಹತ್ತು ವರ್ಷ ಬಿಟ್ಟರೆ ಅವೂ ಇರಲಿಕ್ಕಿಲ್ಲ. ಇನ್ನೊಂದು ಮಲಪ್ರಭೆಯ ಮಾತು. ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಕಟ್ಟೆ ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊಳೆ ಅದು. 2019ರ ಆಗಸ್ಟಿನಲ್ಲಿ ಕಟ್ಟೆಯಿಂದ ನೀರು ಬಿಟ್ಟಾಗ ರಾಮದುರ್ಗದ ಓಣಿಗಳಿಗೆ, ಸುರೇಬಾನದ ಸುತ್ತಿನ ಹಳ್ಳಿಗಳಿಗೆ ಹೊಳೆ ನುಗ್ಗಿತು. ನೇಕಾರರ ಮಗ್ಗಗಳು ನೀರಲ್ಲಿ ನಿಂತವು, ಹಾಸು ಕೊಳೆತುಹೋಯಿತು, ನೂಲು ಹೋಯಿತು. ಇಷ್ಟು ಕ್ಯುಸೆಕ್ ಬಿಟ್ಟರೆ ಯಾವ ಓಣಿಯ ಯಾವ ಮೆಟ್ಟಿಲವರೆಗೆ ನೀರು ಬರುತ್ತದೆ ಎಂಬ ನಕಾಶೆ ಪ್ರತಿ ನೇಕಾರನ ಮನೆಯ ಗೋಡೆ ಮೇಲಿರಬೇಕು. ಭೂಗೋಳ ವಿಭಾಗ, ಎಂಜಿನಿಯರಿಂಗ್ ಕಾಲೇಜು, ನೀರಾವರಿ ಇಲಾಖೆ ಮತ್ತು ಆ ರಾತ್ರಿ ನೀರು ಎಲ್ಲಿಯವರೆಗೆ ಬಂತೆಂದು ಗೋಡೆಯಲ್ಲಿ ಗೆರೆ ತೋರಿಸಬಲ್ಲ ಊರವರು ಕೂಡಿದರೆ ಇದು ಆಗುತ್ತದೆ. ಲ್ಯಾನ್ಸೆಟ್ಟಿನಲ್ಲಿ ಅಚ್ಚಾಗದ ಸಂಶೋಧನೆ ಇದು. ಆದರೂ ಮಾಡಲೇಬೇಕಾದ್ದು.

ಊರಿಗೆ ಮರಳಿ ಕೊಡುವ ದಾರಿ ಹೊಸದಾಗಿ ಹುಡುಕಬೇಕಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗವನ್ನು ಕವಿ ಚೆನ್ನವೀರ ಕಣವಿಯವರು 1956ರಿಂದ 1983ರವರೆಗೆ ನಡೆಸಿದರು. ಪ್ರಾಧ್ಯಾಪಕರು ಪಟ್ಟಣಗಳಿಗೆ, ಹಳ್ಳಿಗಳಿಗೆ ಹೋಗಿ ಭಾಷಣ ಮಾಡಬೇಕು, ಅದು ಉಪನ್ಯಾಸ ಗ್ರಂಥಮಾಲೆಯಲ್ಲಿ ಚಿಕ್ಕ ಹೊತ್ತಗೆಯಾಗಿ ಅಗ್ಗದ ಬೆಲೆಗೆ ಸಿಗಬೇಕು ಎಂಬುದು ಅದರ ರೂಢಿಯಾಗಿತ್ತು. ಹೃದಯ ರೋಗದಿಂದ ವಚನದವರೆಗೆ, ಪರಮಾಣುವಿನಿಂದ ಜನಪದದವರೆಗೆ ಎಲ್ಲ ವಿಷಯ, ಎಲ್ಲ ಕನ್ನಡದಲ್ಲಿ. ನಮ್ಮ ಪೀಳಿಗೆಯ ಎಷ್ಟೋ ಹಳ್ಳಿ ಹುಡುಗರಿಗೆ ವಿಶ್ವವಿದ್ಯಾಲಯ ಮೊದಲು ಪರಿಚಯವಾದದ್ದು ಆ ತೆಳ್ಳನೆಯ ಪುಸ್ತಕಗಳಿಂದ. ಪ್ರಾಧ್ಯಾಪಕನಿಗೂ ಅದರಿಂದ ಲಾಭವಿತ್ತು. ಜಗಲಿಯ ಮೇಲೆ ಕೂತ ರೈತನಿಗೆ ಅರ್ಥವಾಗುವ ಹಾಗೆ ಹೇಳಲು ತಾನು ಮೊದಲು ಅರ್ಥ ಮಾಡಿಕೊಳ್ಳಬೇಕಿತ್ತು. ಇಂದು ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್‌ಗೆ ತೋರಿಸಲು ವಿಸ್ತರಣಾ ಚಟುವಟಿಕೆಯ ಫೋಟೋ ತೆಗೆಯುತ್ತೇವೆ. ಗಿಡ ನೆಟ್ಟ ಫೋಟೋ, ಜಾಥಾದ ಫೋಟೋ. ಅವು ಬೇಡ ಎನ್ನುವುದಿಲ್ಲ. ವಿಶ್ವವಿದ್ಯಾಲಯ ಮಾತ್ರ ಕೊಡಬಲ್ಲ ವಸ್ತು ತಿಳಿವಳಿಕೆ, ಅದನ್ನು ಕೊಡದೆ ಉಳಿದದ್ದನ್ನೆಲ್ಲ ಕೊಟ್ಟರೆ ಸಮಾಜದ ಸಾಲ ತೀರುವುದಿಲ್ಲ.

ಆದ್ದರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ಒಂದು ಊರಿನ, ಒಂದು ಸಮುದಾಯದ ಮೇಲೆ ನಡೆದ ಪ್ರತಿ ಪಿಎಚ್‌.ಡಿ.ಗೂ, ಅದು ಯಾವ ಭಾಷೆಯಲ್ಲಿ ಬರೆದದ್ದಾಗಿರಲಿ, ನಲವತ್ತು ಪುಟದ ಕನ್ನಡ ರೂಪ ಕಡ್ಡಾಯವಾಗಲಿ. ಅದರ ಪ್ರತಿ ಆ ಊರಿನ ಗ್ರಂಥಾಲಯಕ್ಕೆ, ಶಾಲೆಗೆ, ಪಂಚಾಯತಿಗೆ ಹೋಗಲಿ. ಮೌಖಿಕ ಪರೀಕ್ಷೆಗೆ ಮೊದಲು ಸಂಶೋಧಕ ಆ ಊರಿನಲ್ಲಿ ಒಂದು ಸಂಜೆ ನಿಂತು ಓದಿ ಹೇಳಲಿ, ಊರವರು ತಪ್ಪೆಂದದ್ದನ್ನು ಬರೆದುಕೊಂಡು ಪ್ರಬಂಧದ ಕೊನೆಗೆ ಸೇರಿಸಲಿ. ಈ ನಾಲ್ಕು ತಾಲೂಕುಗಳಿಂದಲೇ ಇದು ಶುರುವಾಗಲಿ.

ದತ್ತಿಯ ಹಿರಿಯರಲ್ಲಿ ಒಂದು ಬೇಡಿಕೆ. ಮುಂದಿನ ವರ್ಷ ಈ ಉಪನ್ಯಾಸವನ್ನು ಕಾಲೇಜಿನ ಸಭಾಭವನದಲ್ಲಿ ಇಡಬೇಡಿ. ಹೂಲಿಯಲ್ಲಿ ಇಡಿ, ಇಲ್ಲವೆ ಸುರೇಬಾನದಲ್ಲಿ. ವಿದ್ಯಾರ್ಥಿಗಳೆ, ನಿಮ್ಮೂರ ಬಗ್ಗೆ ಯಾರು ಏನು ಬರೆದಿದ್ದಾರೆ ಎಂದು ಈ ರಜೆಯಲ್ಲಿ ಧಾರವಾಡಕ್ಕೋ ಬೆಳಗಾವಿಗೋ ಹೋಗಿ ಹುಡುಕಿ, ನಕಲು ಮಾಡಿಕೊಂಡು ಬಂದು, ನಿಮ್ಮ ಅಗಸಿಯಲ್ಲಿ ಕೂತು ಓದಿ ಹೇಳಿ. ಕೇಳಲು ಜನ ಬರುತ್ತಾರೆ. ನನ್ನನ್ನು ಕರೆದರೆ ನಾನೂ ಬರುತ್ತೇನೆ.